ಜಿಗಿದ ಮುಳ್ಳು

ಕೆರಗೋಡಿಗೆ ತಿರುಗೋ ಕಡೆ, ನಾಲೆ ಏರಿ ಮೇಲೆ,
ಜಾಲಿ ಮರದ ಬುಡದಲ್ಲಿ ನಂದೊಂದು ಪಂಚರ್ ಅಂಗಡಿ.
ಅಂಗಡಿ ಅಂದ್ರೆ ಏನು, ಒಂದು ಪಂಪು, ಒಂದು ಬಾನಿ ನೀರು,
ಉಜ್ಜೋ ಕಲ್ಲು, ಕೂರೋಕೆ ಮಡಿಸಿದ ಗೋಣಿಚೀಲ.
ಮರ ಮುಳ್ಳು ಉದುರಿಸ್ತದೆ, ನಾನು ಕೀಳ್ತೀನಿ.
"ಮರಕ್ಕೂ ನಿಂಗೂ ಪಾಲು ಎಷ್ಟು ಸಿದ್ದಪ್ಪಾಜಿ?" ಅಂತಾರೆ ಜನ.
ಅನ್ಲಿ ಬುಡಿ.

ಇಪ್ಪತ್ತೆರಡು ವರ್ಷ ಮುಳ್ಳು ಕಂಡ ಕೈ ಇದು.
ಕಣ್ಮುಚ್ಚಿ ಸವರಿದ್ರೆ ಸಾಕು,
ಟೈರೊಳಗೆ ಮುರ್ಕೊಂಡು ಕೂತ ತುದಿ ಸಿಗ್ತದೆ.
ಅಂಥ ಕೈಗೇ ಮೋಸ ಆಯ್ತು ಆವತ್ತು.

ಮೂರು ಮಕ್ಳು, ಒಂದೇ ಸೈಕಲ್ಲು.
ಇಂಪನಾ, ಜವರೇಶ, ಸುಹೇಲ.
ಹಿಂದಿನ ಚಕ್ರ ಪೂರ್ತಿ ಕೂತಿತ್ತು.
ಟ್ಯೂಬು ನೀರಲ್ಲಿ ಮುಳುಗ್ಸಿ ಗುಳ್ಳೆ ಹುಡುಕ್ತಾ
ತಲೆಗೆ ತಾಗೋ ಕೊಂಬೇನ ವಸಿ ಸರಿಸೋಣ ಅಂತ
ಒಂದು ಮುಳ್ಳಿನ ಪಕ್ಕ ಬೆರಳಿಟ್ಟೆ.
ಟಪ್!
ಮುಳ್ಳು ಜಿಗೀತು.
ಬಾನಿ ಅಂಚಿನ ಮೇಲೆ ಹೋಗಿ ಕೂತ್ಕೊಂತು.

"ಮುಳ್ಳಿಗೆ ಕಾಲೈತೆ ಕಣ್ಲಾ!" ಅಂದ ಜವರೇಶ.
"ಕಣ್ಣೂ ಐತೆ," ಅಂದ್ಲು ಇಂಪನಾ,
ಮೂಗು ನೀರಿಗೆ ತಾಗೋ ಹಂಗೆ ಬಗ್ಗಿ.

ಅಕ್ಕಿ ಕಾಳಿನಷ್ಟುದ್ದ. ಒಣಗಿದ ತೊಗಟೆ ಬಣ್ಣ.
ಹೆಗಲ ಮೇಲೆ ಎಲ್ಡು ಕೊಂಬು,
ಹಳ್ಳಿಕಾರ್ ಕರುವಿಗೆ ಈಗತಾನೆ ಮೂಡಿದಂಗೆ,
ಬೆನ್ನಿಂದ ಹಿಂದಕ್ಕೊಂದು ಚೂಪು ಮೊನೆ.
ಮೇಲಿಂದ ನೋಡಿದ್ರೆ ಮೈಯೆಲ್ಲ ಸುಳ್ಳು,
ಕೆಳಗೆ ಹಸಿದ ಹೊಟ್ಟೆ ಮಾತ್ರ ನಿಜ.

ಒಂದು ಕಂಡ್ಮೇಲೆ ಕೊಂಬೆ ತುಂಬ ಕಂಡವು.
ಸೈಕಲ್ಲು ಮರೆತೇ ಹೋಯ್ತು.
ನಾವು ಈ ಕಡೆಯಿಂದ ಇಣುಕಿದ್ರೆ
ಅವು ಕಡ್ಡಿ ಸುತ್ತಿ ಆ ಕಡೆಗೆ,
ಆ ಕಡೆಗೆ ಹೋದ್ರೆ ಮತ್ತೆ ಈ ಕಡೆಗೆ.
ಸಾಲ ಕೊಟ್ಟೋನ ಕಂಡ ನಮ್ಮ ಗಿರಾಕಿಗಳಂಗೆ.

ಎಲ್ಲೂ ಎಲೆ ಕಡಿದ ಗುರುತಿಲ್ಲ.
ಮೂತಿಯಲ್ಲೇ ಸೂಜಿ. ಚುಚ್ಚಿ, ಅಲ್ಲಾಡದೆ ಕೂತು,
ಕೊಂಬೆಯ ರಸ ಹೀರ್ತಾವೆ.
ಸುಹೇಲ ನನ್ನ ಮುಖ ನೋಡಿ ನಕ್ಕ:
"ಅಂಕಲ್, ಇದು ಮರಕ್ಕೇ ಪಂಚರ್ ಮಾಡ್ತೈತೆ!"
"ಪ್ಯಾಚ್ ಹಾಕೋರ್ಯಾರು?" ಅಂದ್ಲು ಇಂಪನಾ.
ನನ್ನ ಹತ್ರ ಉತ್ತರ ಇರ್ಲಿಲ್ಲ. ಮರಾನೇ ಹಾಕ್ಕೊತದೋ ಏನೋ.

ಕುಡಿದದ್ದು ಹೆಚ್ಚಾದ್ರೆ ಹಿಂದಿನಿಂದ ಒಂದು ಹನಿ, ಸಿಹಿ ಹನಿ.
ಅದಕ್ಕೆ ಕಪ್ಪಿರುವೆ ಕಾಯ್ಕೊಂಡು ನಿಂತವೆ,
ಆಲೆಮನೆ ಕೊಪ್ಪರಿಗೆ ಮುಂದೆ ಎಲೆ ಹಿಡ್ಕೊಂಡು
ಬಿಸಿ ಬೆಲ್ಲಕ್ಕೆ ನೀವು ನಿಲ್ಲಲ್ವಾ, ಹಂಗೆ.
ಮೀಸೆಯಿಂದ ಬೆನ್ನು ತಟ್ಟಿ ಕೇಳ್ತವೆ.
ಪುಕ್ಕಟೆ ಅಲ್ಲ ಮತ್ತೆ. ಪುಟ್ಟ ಜೇಡವೊಂದು ಹತ್ತಿರ ಬಂತು,
ಇರುವೆಗಳು ಅಟ್ಟಿಸ್ಕೊಂಡು ಹೋದ್ವು.
ಓಹೋ, ಇಷ್ಟು ವರ್ಷ
ನಿಲ್ಲಿಸಿದ ಸೈಕಲ್ ಸೀಟೆಲ್ಲ ಅಂಟಂಟು ಆಗ್ತಿದ್ದದ್ದು,
ನಾನು ಗಿಳಿಗಳನ್ನ ಬೈತಿದ್ದದ್ದು!

ಜವರೇಶ ಕಾಂಪಾಸ್ ಬಾಕ್ಸ್ ತೆಗೆದ.
"ತುಂಬ್ಕೊಂಡು ಹೋಗಿ ಟೀಚರ್‌ಗೆ ತೋರುಸ್ತೀನಿ."
ಇಂಪನಾ ಮುಚ್ಚಳ ಮುಚ್ಚಿದ್ಲು.
"ಡಬ್ಬೀಲಿ ಮುಳ್ಳಿಲ್ಲ ಕಣೋ. ಇದು ಏನಂಗೆ ಕೂರ್ಬೇಕು?"

ಆಮೇಲೊಂದು ದಿನ ವಿ.ಸಿ. ಫಾರ್ಮಿನ ಹುಡುಗಿ,
ಸ್ಕೂಟಿಗೆ ಗಾಳಿ ತುಂಬಿಸೋಕೆ ಬಂದವ್ಳು,
ಇದರ ಹೆಸರು ಹೇಳಿದ್ಲು. ರೈಲಿನಷ್ಟುದ್ದ.
ಅವಳು ತಿರುವು ದಾಟೋ ಮುಂಚೆ ಮರೆತೆ.
ಒಂದು ಮಾತು ಮಾತ್ರ ಉಳೀತು:
ಅವು ಮಾತಾಡ್ತವಂತೆ, ಕೊಂಬೇನ ಸಣ್ಣಗೆ ನಡುಗ್ಸಿ.
ಅವಳು ಹೋದ್ಮೇಲೆ, ಯಾರೂ ನೋಡದ ಹೊತ್ತಲ್ಲಿ,
ಸೈಕಲ್ ಕಡ್ಡಿಯ ಒಂದು ತುದಿ ಹಲ್ಲಲ್ಲಿ ಕಚ್ಚಿ
ಇನ್ನೊಂದು ತುದಿ ಕೊಂಬೆಗೆ ಇಟ್ಟೆ.
ಕೇಳಿಸ್ತು.
ಕಬ್ಬಿನ ಟ್ರ್ಯಾಕ್ಟರ್ ಹೋದ ಸದ್ದು.

ಮಕ್ಳು ಈಗ ಗಾಳಿ ಗಟ್ಟಿ ಇದ್ರೂ ನಿಲ್ತವೆ.
ಬೆರಳು ಮುಂದೆ ಮಾಡಿ ಮುಳ್ಳು ಎಣಿಸ್ತವೆ,
ಲೆಕ್ಕ ಒಂದಿನಾನೂ ತಾಳೆ ಆಗಲ್ಲ.
ನನಗೆ ಕಾಸಿಲ್ಲ, ಪಾಲುದಾರನಿಗೂ ಇಲ್ಲ.

ನಂಗೂ ಒಂದು ಚಟ ಅಂಟ್ಕೊಂಡದೆ:
ಟೈರಿಗೆ ಚುಚ್ಚಿದ ಮುಳ್ಳಿನ ಮೇಲೆ ಇಕ್ಕಳ ಇಡೋ ಮುಂಚೆ
ಬೆರಳು ತಾಗಿಸಿ
ಒಂಚೂರು ಕಾಯ್ತೀನಿ.