ಗಾಳಿ ಬಿಡಿಸುವುದು

ಒತ್ತು, ಅಂದ ನೂರ್ಮತ್ ಕಾರಿನಡಿಯಿಂದ.
ಒತ್ತಿದೆ.
ಹಿಡಿ.
ಹಿಡಿದೆ.
ಸ್ಪ್ಯಾನರ್ ಕಿರ್ರೆಂದಿತು. ಪ್ಲಾಸ್ಟಿಕ್ ನಳಿಕೆಯ ತುದಿಗೆ
ಒಂದು ಹನಿ ಬಂತು, ಯೋಚಿಸಿತು, ನಿಂತಿತು.
ಬಿಗಿದ. ಬಿಡು.
ಬಿಟ್ಟೆ.
ಬೆಳಗಿನಿಂದ ನಮ್ಮಿಬ್ಬರ ನಡುವೆ ಈ ಮೂರೇ ಮಾತು.

ಬೇಲಿಯಾಚೆ ನಾರಿನ್ ನದಿ. ಅಕ್ಟೋಬರ್.
ನನ್ನ ಝಿಗುಲಿ ನನ್ನ ಮದುವೆಗಿಂತ ಹಳತು;
ಮದುವೆ ನಿಂತು ಆರು ವರ್ಷ, ಇದು ಮಾತ್ರ ಓಡುತ್ತಿದೆ
ವಾರಕ್ಕೆ ನಾಲ್ಕು ಸಲ ಡೊಲೊನ್ ಘಟ್ಟ ಹತ್ತಿ ಕೊಚ್ಕೊರಿಗೆ,
ನಾಲ್ಕು ಜನ, ಅವರ ಗಂಟುಮೂಟೆ, ಒಮ್ಮೊಮ್ಮೆ ಒಂದು ಕುರಿ.
ಹತ್ತುವುದು ಯಾವ ಕಾರಿಗೂ ಬರುತ್ತದೆ.
ಇಳಿಯುವುದು ಬೇರೆ ವಿದ್ಯೆ.

ಹಿಂದಿನ ಬಲಗಾಲಿಗೆ ಹೊಸ ಸಿಲಿಂಡರ್ ಕೂರಿಸಿದ ಮೇಲೆ
ಪೆಡಲಿನಲ್ಲಿ ಗಟ್ಟಿಯೇ ಇಲ್ಲ.
ಕರಾಕೋಲಿನ ನನ್ನಮ್ಮ ಹಬ್ಬಕ್ಕೆ
ಕುರಿಯ ಶ್ವಾಸಕೋಶಕ್ಕೆ ಹಾಲು ತುಂಬಿಸಿ ಬಾಯಿ ಕಟ್ಟಿ
ಬೆರಳಿಂದ ಒತ್ತಿ ನೋಡುತ್ತಿದ್ದಳು:
ಒತ್ತಿದರೆ ಒಳಗೆ, ಬಿಟ್ಟರೆ ಮೆಲ್ಲಗೆ, ನಾಚಿಕೊಂಡು, ಮೇಲಕ್ಕೆ.
ನಿನ್ನೆ ಗೇಟಿನವರೆಗೆ ಓಡಿಸಿದಾಗ
ಕಾಲಡಿಗೆ ಸಿಕ್ಕಿದ್ದು ಅದೇ.

ಮಾಸ್ಟರ್ ಸಿಲಿಂಡರಿನ ರಬ್ಬರ್ ಹೋಗಿದೆ, ಅಂದ. ಬಿಚ್ಚಿದ. ಅಲ್ಲ.
ಹೋಸು ಒಳಗೊಳಗೇ ಊದಿಕೊಂಡಿದೆ. ಬದಲಿಸಿದ. ಅಲ್ಲ.
ಎಣ್ಣೆಯೇ ಕಲಬೆರಕೆ, ಅಂತ
ಮಾರಿದವನ ಅಜ್ಜನವರೆಗೂ ಹೋಗಿ ಬಂದ.
ಎರಡು ಸೀಸೆ ಖಾಲಿ.
ಗಾಳಿ ಗುದ್ದಿ ಮೈ ನೋಯಿಸಿಕೊಂಡರು ಅನ್ನುತ್ತಾರಲ್ಲ,
ನನಗೆ ನೋಯುತ್ತಿದ್ದದ್ದು ಬಲ ಮೊಣಕಾಲು.

ಕಾಲಿಮಾನ್ ಮುದುಕಿ ಕಾಯುತ್ತಿದ್ದಳು, ಸಂತೆಗೆ ಹೊರಟವಳು:
ಎರಡು ಚೀಲ ಆಲೂಗಡ್ಡೆ, ಒಂದು ಡಬ್ಬ ಕುರುತ್,
ಮತ್ತು ಅವಳು; ಅವಳೇ ಒಂದೂವರೆ ಚೀಲ.
ಗಾಳಿ ಹೊಕ್ಕಿದ್ದಕ್ಕೆ ಇಷ್ಟು ರಗಳೆಯೇ, ಅಂದಳು,
ಅರ್ಚಾ ಸೊಪ್ಪು ಸುಟ್ಟು ಸುತ್ತ ಹೊಗೆ ಹಾಕಿ,
ನನ್ನ ತಂಗಿಗೆ ಹಿಡಿದದ್ದು ಅದರಲ್ಲೇ ಬಿಟ್ಟುಹೋಯಿತು.
ಪೆಟ್ರೋಲ್ ಪಕ್ಕ ಬೆಂಕಿಯೇ ಅಜ್ಜಿ, ಅಂತ
ಕೆಳಗಿನಿಂದ ಎರಡು ಬೂಟು ಕೂಗಿಕೊಂಡವು.

ಹನ್ನೊಂದೂವರೆಗೆ ನೂರ್ಮತ್ ಸೋತ.
ಜ್ಯಾಕ್ ಇಳಿಸಿದ, ಹಿಂದಿನ ಗಾಲಿಗಳು ನೆಲಕ್ಕೆ ಕೂತವು,
ಸಿಗರೇಟಿಗೆ ಬೇಲಿಯ ಕಡೆ ನಡೆದ.
ಇಳಿಸಿದ್ದೇ ಹೊರಡುವ ಸೂಚನೆ ಅಂದುಕೊಂಡು
ಕಾಲಿಮಾನ್ ಹಿಂದಿನ ಬಾಗಿಲು ತೆಗೆದಳು.
ಚೀಲ. ಚೀಲ. ಡಬ್ಬ. ಆಮೇಲೆ ಅವಳು.
ಕಾರು ಉಸ್ಸೆಂದು ಹಿಂದಕ್ಕೆ ಕುಕ್ಕರಿಸಿತು.

ನನಗೇನು ಹೊಳೆಯಲಿಲ್ಲ. ಬೇಸರ, ಅಷ್ಟೆ,
ಅಭ್ಯಾಸ ಬಲದಿಂದ ಒತ್ತಿದೆ.
ತಿರುಪು ಸಡಿಲವೇ ಇತ್ತು. ನಳಿಕೆಯಲ್ಲಿ ಬುಳಬುಳ ಬುಳಬುಳ,
ಸೀಸೆ ಉರುಳಿ, ಚಹಾ ಬಣ್ಣದ ಎಣ್ಣೆ ಮಣ್ಣಿಗೆ,
ಸಾಲು ಸಾಲು ಗುಳ್ಳೆ.
ಒತ್ತು! ಅಂದ ಓಡಿ ಬಂದವನು. ಹಿಡಿ!
ಅಜ್ಜೀ, ಅಲ್ಲಾಡಬೇಡ, ಕೆಳಗಿಳಿಯಬೇಡ!

ಹಣೆ ಚಚ್ಚಿಕೊಂಡ ಆಮೇಲೆ: ಮಂತ್ರವಾದಿ!
ಈ ಕಾರಿನ ಹಿಂದಡಿಯಲ್ಲೊಂದು ಸಣ್ಣ ಯಂತ್ರ,
ರಷ್ಯನ್ ಮೆಕ್ಯಾನಿಕ್ಕುಗಳು ಕರೆಯುವುದು ಹಾಗೇ.
ಬಾಲ ಮೇಲೆದ್ದರೆ ಸಾಕು,
ಇವಳು ಗಟ್ಟಿಯಾಗಿ ಬ್ರೇಕ್ ಹಾಕುತ್ತಿದ್ದಾಳೆ ಅಂದುಕೊಂಡು
ಹಿಂಗಾಲಿನ ದಾರಿ ಮುಚ್ಚುತ್ತಾನೆ, ಕಾರು ಜಾರದಿರಲೆಂದು.
ನಾವೋ ಬೆಳಗಿನಿಂದ ಬಾಲವನ್ನು ಗಾಳಿಯಲ್ಲಿ ತೂಗಿಹಾಕಿ
ಅವನ ಬಾಗಿಲ ಹೊರಗೆ ನಿಂತು
ಗಾಳಿ ಬಿಡಿಸುತ್ತಿದ್ದೆವು.

ಮೂರನೇ ಸೀಸೆಗೆ ಪಕ್ಕದ ಮನೆಯಿಂದ ಸಾಲ.
ನಾಲ್ಕೂ ಗಾಲಿ, ದೂರದ್ದು ಮೊದಲು.
ಕೊನೆಗೆ ಪೆಡಲು ಅರ್ಧದಲ್ಲೇ ನಿಂತಿತು,
ಇನ್ನು ಬರಲ್ಲ ಅಂತ ಕಲ್ಲಿನ ಹಾಗೆ.

ಡೊಲೊನ್ ಇಳಿಜಾರಿನ ಎರಡನೇ ತಿರುವಿನಲ್ಲಿ ಹಿಮ, ಎದುರಿಗೆ ಲಾರಿ.
ಯಾರೂ ಒತ್ತು ಅನ್ನಲಿಲ್ಲ.
ಒತ್ತಿದೆ.

ಕೊಚ್ಕೊರಿನಲ್ಲಿ ಕಾಲಿಮಾನ್ ಅರ್ಧ ಬಾಡಿಗೆ ಎಣಿಸಿ ಕೊಟ್ಟಳು.
ಉಳಿದದ್ದು?
ರಿಪೇರಿ ಮಾಡಿದ್ದು ಯಾರು, ಅಂದಳು,
ಡಬ್ಬ ಕಂಕುಳಿಗೆ ಸಿಕ್ಕಿಸಿಕೊಂಡು.