ಲೋ

ಯಂತ್ರದ ಮುಖದಲ್ಲಿ ಎರಡು ತೂತು.
ಕೆಂಪಿನ ಕೆಳಗೆ ‘ಹೈ’ ಎಂದಿದೆ, ಕಪ್ಪಿನ ಕೆಳಗೆ ‘ಲೋ’.
ಮಂಡ್ಯ ಕಡೆಯ ಚೆಲುವರಾಜು ಸರ್
ನನ್ನನ್ನೂ ಹಾಗೇ ಕರೆಯುತ್ತಾರೆ:
‘ಲೋ, ಆ ತಂತಿ ತಗೊಂಡು ಬಾರೋ.’
ಕಾರವಾರದಲ್ಲಿ ನಾವು ತಮಾ ಅನ್ನುತ್ತೇವೆ.
ಇರಲಿ. ಹನ್ನೊಂದು ವರ್ಷ ಓಗೊಟ್ಟಿದ್ದೇನೆ.

ಸೋರ್ಸ್ ಮೆಷರ್ ಯುನಿಟ್ ಅಂತ ಅದರ ಹೆಸರು.
ತಾನೇ ಕೊಡುತ್ತದೆ, ಕೊಟ್ಟದ್ದನ್ನು ತಾನೇ ಅಳೆಯುತ್ತದೆ,
ಮೀನು ಮಾರುತ್ತ ಮನಸ್ಸಿನಲ್ಲೇ ತೂಗುವ
ನಮ್ಮ ದ್ರೌಪದಿ ಮಾವಶಿಯ ಹಾಗೆ.
ಎಲ್ಲರ ಕಣ್ಣೂ ಕೆಂಪಿನ ಮೇಲೆ. ಬರೆದುಕೊಳ್ಳುವುದೂ ಅದನ್ನೇ.
ಕಪ್ಪು ಸೊನ್ನೆ ಅನ್ನಿಸಿಕೊಂಡು ಕೂತಿರುತ್ತದೆ
ಹೊಸ್ತಿಲಿನಂತೆ,
ಎಲ್ಲರೂ ದಾಟುವುದು, ಯಾರೂ ನೋಡದ್ದು.

ಆವತ್ತು ಅನ್ಸಿಲಾ ಫರ್ನಾಂಡಿಸ್ ನೋಡಿದಳು.
ಹೋಗುವಾಗ ನಾನೂರ ಹನ್ನೆರಡು ನ್ಯಾನೋ ಆಂಪಿಯರ್;
ಕಪ್ಪು ತಂತಿಯ ನಡುವೆ ಇನ್ನೊಂದು ಮೀಟರು ಸಿಕ್ಕಿಸಿದರೆ
ಬರುವಾಗ ನಾನೂರ ಒಂಬತ್ತು.
‘ಮೂರು ಎಲ್ಲಿ ಹೋಯಿತು?’
ಮೀಟರು ಹಳೆಯದು, ಬಿಡಮ್ಮ, ಅಂದರು ಸರ್.
ಮೀಟರು ಬದಲಾಯಿಸಿದಳು. ನಾನೂರ ಒಂಬತ್ತು.
ತಂತಿ ಬದಲಾಯಿಸಿದಳು.
ಊಟದ ಡಬ್ಬಿ ಮುಚ್ಚಿದ ಹಾಗೇ ಇತ್ತು.

ಬೈತಖೋಲದಲ್ಲಿ ಎಣಿಸಿ ಹಾಕಿಕೊಂಡ ಬಂಗಡೆ
ಪೇಟೆ ಮುಟ್ಟುವಷ್ಟರಲ್ಲಿ ಮೂರು ಕಡಿಮೆ ಬೀಳುತ್ತಿತ್ತು ಮಾವಶಿಗೆ.
ಒಂದು ಕಾಗೆಗೆ, ಒಂದು ಬೆಕ್ಕಿಗೆ,
ಮೂರನೆಯದಕ್ಕೆ ಬುಟ್ಟಿ ಹೊತ್ತ ನನ್ನ ಮುಖ ನೋಡುತ್ತಿದ್ದಳು.
‘ಇಲ್ಲದ್ದಾಗೋದಿಲ್ಲ ತಮಾ,
ಬೇರೆ ಹೊಟ್ಟೆಗೆ ಹೋಗ್ತದೆ ಅಷ್ಟೆ.’

ಸಂಜೆ ಎಲ್ಲ ಹೋದ ಮೇಲೆ ಯಂತ್ರವನ್ನು ತಿರುಗಿಸಿದೆ.
ಬೆನ್ನಿನಲ್ಲಿ ಹೆಬ್ಬೆರಳಷ್ಟು ತಾಮ್ರದ ಪಟ್ಟಿ,
ಕಪ್ಪನ್ನು ನೆಲಕ್ಕೆ ಕಟ್ಟಿದ್ದು.
ಕಟ್ಟಿದವನು ನಾನೇ, ಹೋದ ಮಳೆಗಾಲದಲ್ಲಿ,
ಯಾರಿಗೂ ಶಾಕ್ ಹೊಡೆಯದಿರಲಿ ಎಂದು.
ಫ್ಯಾನು ಕೆಟ್ಟಾಗ ಕಿಟಕಿ ತೆರೆದಿಟ್ಟವನೂ ನಾನೇ.
ಕಿಟಕಿಯಾಚೆ ಸಮುದ್ರ.
ಕೆಂಪು ತಂತಿಯ ಬುಡವನ್ನು ಬೆರಳಲ್ಲಿ ಸವರಿ
ನಾಲಿಗೆಗಿಟ್ಟೆ:
ಉಪ್ಪು.

ಮೂರು ನ್ಯಾನೋ ಆ ಉಪ್ಪಿನ ಮೇಲೆ ನಡೆದು
ಮೇಜಿನ ಕಬ್ಬಿಣಕ್ಕಿಳಿದು, ನೆಲ ಹಿಡಿದು, ಪಟ್ಟಿ ಹತ್ತಿ
ಹಿತ್ತಿಲ ಬಾಗಿಲಿಂದ ಮನೆ ಸೇರಿಕೊಂಡಿವೆ.
ಜಗಲಿಯಲ್ಲಿ ಕೂತು ಎಣಿಸುವವನಿಗೆ
ಹೇಗೆ ಕಾಣಬೇಕು?
ಪಟ್ಟಿ ಬಿಚ್ಚಲಿಲ್ಲ. ಹಿತ್ತಿಲ ಬಾಗಿಲು ಇರಲಿ, ಬೇಕಾಗುತ್ತದೆ.
ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿ
ದಾರಿಯನ್ನಷ್ಟೇ ಒರೆಸಿ
ಕಿಟಕಿ ಹಾಕಿಕೊಂಡು ಬಂದೆ.

ಮರುದಿನ ಹೋಗುವಾಗ ನಾನೂರ ಒಂಬತ್ತು,
ಬರುವಾಗಲೂ ನಾನೂರ ಒಂಬತ್ತು.
ಅನ್ಸಿಲಾ ಎರಡು ಸಲ ನೋಡಿದಳು.
‘ಅಂದರೆ ಸರ್, ಹೆಚ್ಚು ಹೇಳ್ತಾ ಇದ್ದದ್ದು ಕೆಂಪು.
ಕಪ್ಪು ಮೊದಲಿಂದಲೂ ಸರಿಯಾಗೇ ಹೇಳಿತ್ತು.’

ಸರ್ ಕನ್ನಡಕ ತೆಗೆದು ಒರೆಸಿಕೊಂಡರು.
‘ಲೋ,
ಯಾರೋ ಇದನ್ನ ಮುಟ್ಟಿದ್ದು?’

ಕಪ್ಪು ತಂತಿ ಅಲುಗಿತೋ ಏನೋ.
ನಾನಂತೂ ತಲೆಯೆತ್ತಿದೆ.