ಒಂದೂವರೆ ಮೀಟರು, ಅರ್ಧ ಗಂಟೆ

ದಾಲ್ಕಾವೆ ಪೇಟೆಯ ಅಂಗಡಿಯಲ್ಲಿ ಯೆರ್ಕೊ
ಹೊಸ ಫೋನನ್ನು ಗಾಜಿನ ಲೋಟಕ್ಕೆ ಇಳಿಬಿಟ್ಟ.
'ಕರೆ ಮಾಡಿ ನೋಡಿ, ಅತ್ತೆ.'
ಬ್ರೆಡ್ಡಿನ ಕವರಿನೊಳಗಿದ್ದ ನನ್ನ ಹಳೆಯದನ್ನು
ಕವರಿನ ಮೇಲಿಂದಲೇ ಒತ್ತಿದೆ.
ನೀರೊಳಗೆ ಅದು ನಡುಗಿತು,
ಉಂಗುರ ಉಂಗುರವಾಗಿ ಮೇಲೆದ್ದಿತು ಸದ್ದು.

ಒಂದೂವರೆ ಮೀಟರು ಆಳ, ಅರ್ಧ ಗಂಟೆ ಗ್ಯಾರಂಟಿ.
ಕಂತು ಇಪ್ಪತ್ತನಾಲ್ಕು.
ನಮ್ಮ ಚಿಲೊಯೆ ದ್ವೀಪದಲ್ಲಿ
ಇಳಿತಕ್ಕೆ ದೋಣಿ ಕೆಸರಲ್ಲಿ ಕೂರುತ್ತದೆ,
ಭರತಕ್ಕೆ ಅದೇ ಜಾಗ ಮೂರಾಳು ಮುಳುಗುವ ನೀರು.
ಅರ್ಧ ಗಂಟೆಯೆಂದರೆ
ಪಚ್ಚಿಲೆ ಕಚ್ಚಿದ ಒಂದು ಹಗ್ಗ
ಮೇಲೆಳೆಯುವಷ್ಟು ಹೊತ್ತು, ಗಾಳಿಯಿಲ್ಲದಿದ್ದರೆ.

'ಉಪ್ಪುನೀರಿಗೂ ಆಗುತ್ತದಾ?'
ಚೀಟಿಯ ಸಾಸಿವೆ ಅಕ್ಷರದ ಮೇಲೆ
ಅವನ ಉಗುರು ನಿಂತಿತು:
ಸಿಹಿನೀರಿಗೆ ಮಾತ್ರ.
ಇಬ್ಬರೂ ನಕ್ಕೆವು. ಬಾಗಿಲಾಚೆಯೇ ಕಡಲು.

ಬೆರಳಿಡಿ ಅಂದ. ಇಟ್ಟೆ.
ಗುರುತು ಸಿಗಲಿಲ್ಲ, ಅಂದಿತು ಫೋನು.
ಇನ್ನೊಂದು ಬೆರಳು. ಇಲ್ಲ.
ಮೂವತ್ತು ವರ್ಷ ಚಿಪ್ಪು ಬಿಡಿಸಿದ ಕೈ,
ಗೆರೆಗಳನ್ನು ಯಾವ ಯಾವ ಹಗ್ಗಕ್ಕೆ ಕೊಟ್ಟೆನೋ.

ನೀರಿಗಿಳಿದವರಿಗೆ ಚಳಿಯೇನು ಮಳೆಯೇನು,
ಸರಿ, ಆದರೆ ಕಂತು?
ನಾಳೆ ಹೇಳ್ತೇನೆ ಅಂತ ಹೊರಬಿದ್ದೆ.
ಅವನು ಫೋನನ್ನು ಲೋಟದಿಂದೆತ್ತಿ
ಅಂಗಿಯ ತುದಿಗೆ ಒರೆಸಿಕೊಂಡ,
ಮಗುವಿನ ಮುಖ ಒರೆಸಿದ ಹಾಗೆ.

ದೋಣಿಯಲ್ಲಿರುವಾಗ ಒರ್ತೆನ್ಸಿಯಾಳ ಕರೆ.
ಕೈಯೆರಡೂ ಹಗ್ಗದಲ್ಲಿ;
ಎಂದಿನಂತೆ ಮೂಗಿನ ತುದಿಯಿಂದ ಒತ್ತಿದೆ.
ಕವರಿನ ತಳದಲ್ಲಿ ಬ್ರೆಡ್ಡಿನ ಚೂರು, ಹಬೆ.
'ತಗೊಂಡೆಯೇನೇ?'
'ಲೋಟದಲ್ಲಿ ಚೆನ್ನಾಗಿ ಹಾಡುತ್ತದೆ,' ಅಂದೆ.